ದೊಡ್ಡವರ ಪರೀಕ್ಷೆಗೆ ಪ್ರಬಂಧ ಅಭ್ಯಾಸ ಮಾಡುವುದು ಹೇಗೆ?

ಪರೀಕ್ಷೆ ಎಂದ ಕೂಡಲೇ ನಮಗೆ ನಮ್ಮ ಪರೀಕ್ಷೆಯೇ ಜ್ಞಾಪಕಕ್ಕೆ ಬರುತ್ತದೆ. ಆದರೆ ಅರ್ಧಕ್ಕೆ ಶಾಲೆ ಬಿಟ್ಟ ದೊಡ್ಡವರೂ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಬಹುದು. ನಮ್ಮ ಮನೆಯಲ್ಲಿ ನಮ್ಮ ಚಿಕ್ಕಮ್ಮ ಕಟ್ಟಿದ್ದಾರೆ. ಅವರ ಜೊತೆ ದಿನಾ ರಾತ್ರಿ ಕೂತು ನಾನು ತಿಳಿದುಕೊಂಡದ್ದನ್ನು, ನಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟದ್ದನ್ನು ಇಲ್ಲಿ ಬರೆದಿದ್ದೇನೆ.

ದೊಡ್ಡವರು ಹೇಗೆ ಪರೀಕ್ಷೆ ಕಟ್ಟಬಹುದು?

ಇದಕ್ಕೆ ಎರಡು ದಾರಿ ಇವೆ. ಒಂದು, ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟುವುದು. ಹೈಸ್ಕೂಲಿಗೆ ಹೋಗಿ ಅರ್ಜಿ ತುಂಬಬೇಕು. ಒಂದು ವಿಷಯದಲ್ಲಿ ಫೇಲಾದರೆ ಆ ಒಂದನ್ನೇ ಮತ್ತೆ ಬರೆದರೆ ಸಾಕು. 2024ರಿಂದ ನಮ್ಮ ರಾಜ್ಯದಲ್ಲಿ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಎಂದು ವರ್ಷಕ್ಕೆ ಮೂರು ಸಲ ಅವಕಾಶ ಮಾಡಿದರು. ಇನ್ನೊಂದು, ರಾಷ್ಟ್ರೀಯ ಮುಕ್ತ ಶಾಲೆ. ಇದು 1989ರಲ್ಲಿ ಶುರುವಾಯಿತು. ಇಲ್ಲಿ 14 ವರ್ಷ ತುಂಬಿದ ಯಾರು ಬೇಕಾದರೂ ಹತ್ತನೇ ತರಗತಿಗೆ ಸೇರಬಹುದು, ಮೇಲಿನ ವಯಸ್ಸಿಗೆ ಮಿತಿಯೇ ಇಲ್ಲ. ಅಜ್ಜಿಯೂ ಕಟ್ಟಬಹುದು.

ಬೇರೆ ದೇಶದಲ್ಲೂ ಇಂಥದು ಉಂಟು ಎಂದು ಮೇಷ್ಟ್ರು ಹೇಳಿದರು. ಅಮೆರಿಕದಲ್ಲಿ ಜಿಇಡಿ ಎಂಬ ಪರೀಕ್ಷೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಓದು ಬಿಟ್ಟು ಸೈನ್ಯಕ್ಕೆ ಸೇರಿದ ಹುಡುಗರಿಗಾಗಿ ಅದನ್ನು ತಯಾರು ಮಾಡಿದರಂತೆ. 2014ರಲ್ಲಿ ಅದನ್ನು ಹೊಸದಾಗಿ ಬದಲಾಯಿಸಿದಾಗ ಒಂದು ಪ್ರಬಂಧಕ್ಕೆ 45 ನಿಮಿಷ ಕೊಟ್ಟರು. ಒಂದೇ ವಿಷಯದ ಮೇಲೆ ಇಬ್ಬರು ವಾದ ಮಾಡಿರುವುದನ್ನು ಓದಿ, ಯಾರ ವಾದಕ್ಕೆ ಆಧಾರ ಗಟ್ಟಿ ಇದೆ ಎಂದು ಬರೆಯಬೇಕು. ಹಾಗಾದರೆ ಅಲ್ಲಿಯ ದೊಡ್ಡವರಿಗೂ ಪ್ರಬಂಧ ತಪ್ಪಿದ್ದಲ್ಲ!

ಪ್ರಬಂಧವೇ ಯಾಕೆ ಕಷ್ಟ?

ನಮ್ಮ ಚಿಕ್ಕಮ್ಮ ಹಿಂದೆ ಒಂದು ಸಲ ಎಸ್ಸೆಸ್ಸೆಲ್ಸಿ ಬರೆದಿದ್ದರು. ಗಣಿತ ಪಾಸು, ವಿಜ್ಞಾನ ಪಾಸು, ಕನ್ನಡ ಫೇಲು! ಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಫೇಲಾದರು ಎಂದು ಊರಲ್ಲಿ ಕೆಲವರು ನಕ್ಕರು. ಆದರೆ ಕಾರಣ ಕೇಳಿ. ಕನ್ನಡ ಪತ್ರಿಕೆಯಲ್ಲಿ ಪ್ರಬಂಧ, ಪತ್ರಲೇಖನ ಇವೆಲ್ಲ ಕೊನೆಗೆ ಬರುತ್ತವೆ. ಬಹಳ ವರ್ಷ ಪೆನ್ನು ಹಿಡಿಯದ ಕೈ ಬೇಗ ನೋಯುತ್ತದೆ. ನಿಧಾನವಾಗಿ ಬರೆದು ಬರೆದು ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆದರು. ಪ್ರಬಂಧದ ಜಾಗ ಖಾಲಿ ಉಳಿಯಿತು. ಮಾತು ಬರುವುದು ಬೇರೆ, ಬರೆಯುವುದು ಬೇರೆ.

ಇನ್ನೊಂದು ಕಾರಣವೂ ಇದೆ. ದೊಡ್ಡವರು ತಮಗೆ ಏನೂ ಗೊತ್ತಿಲ್ಲ ಎಂದು ತಿಳಿದುಕೊಂಡಿರುತ್ತಾರೆ. "ನಂಗೇನು ಗೊತ್ತದೆ ಮಗಾ, ಸಗಣಿ ಬಾಚೋದು, ಹಾಲು ಕರೆಯೋದು ಅಷ್ಟೇಯ" ಎನ್ನುತ್ತಾರೆ ನಮ್ಮ ಚಿಕ್ಕಮ್ಮ. ಪುಸ್ತಕದಲ್ಲಿರುವುದು ಮಾತ್ರ ಪ್ರಬಂಧಕ್ಕೆ ಬರುತ್ತದೆ ಎಂದು ಅವರ ಭಾವನೆ.

ಅಭ್ಯಾಸ ಮಾಡುವ ಕ್ರಮ

1. ಮೊದಲು ಬಾಯಲ್ಲಿ ಹೇಳಬೇಕು. ವಿಷಯ ಕೊಟ್ಟ ತಕ್ಷಣ ಬರೆಯಲು ಹೋಗಬಾರದು. ಒಬ್ಬರು ಕೇಳಬೇಕು, ಪರೀಕ್ಷೆ ಕಟ್ಟಿದವರು ಉತ್ತರ ಹೇಳಬೇಕು. ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ, ಯಾರಿಗೆ ಉಪಯೋಗ, ಏನು ತೊಂದರೆ ಎಂದು ಕೇಳಿದರೆ ಸಾಕು.

2. ಹೇಳಿದ್ದನ್ನು ಒಂದೊಂದು ಪದದಲ್ಲಿ ಗುರುತು ಹಾಕಿಕೊಳ್ಳಬೇಕು. ಇಡೀ ವಾಕ್ಯ ಬೇಡ. ಆರೇಳು ಪದ ಆದರೆ ಸಾಕು.

3. ಆ ಪದಗಳನ್ನು ಮೂರು ಭಾಗ ಮಾಡಬೇಕು. ಪೀಠಿಕೆ, ವಿವರಣೆ, ಉಪಸಂಹಾರ. ಪೀಠಿಕೆಯಲ್ಲಿ ವಿಷಯ ಏನು ಎಂದು ಎರಡು ಮೂರು ವಾಕ್ಯ. ವಿವರಣೆಯಲ್ಲಿ ಒಂದೊಂದು ಅಂಶಕ್ಕೆ ಒಂದೊಂದು ಪ್ಯಾರಾ. ಉಪಸಂಹಾರದಲ್ಲಿ ಇಷ್ಟೆಲ್ಲ ಹೇಳಿದ ಮೇಲೆ ನಮಗೆ ಏನು ಅನ್ನಿಸಿತು, ಏನು ಮಾಡಬೇಕು ಎಂಬುದು. ಅಲ್ಲಿ ಹೊಸ ವಿಷಯ ಶುರು ಮಾಡಬಾರದು.

4. ಆಮೇಲೆ ಬರೆಯಬೇಕು. ಚಿಕ್ಕ ಚಿಕ್ಕ ವಾಕ್ಯ ಬರೆದರೆ ತಪ್ಪು ಕಡಿಮೆ.

5. ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ವಾಕ್ಯ ಸರಿಯಿಲ್ಲ ಎಂದು ಅರ್ಥ.

ಒಂದು ಉದಾಹರಣೆ

ಮೇಷ್ಟ್ರು "ಹೈನುಗಾರಿಕೆ" ಎಂಬ ವಿಷಯ ಕೊಟ್ಟಿದ್ದರು. ಚಿಕ್ಕಮ್ಮ ಮೊದಲು ಬರೆದದ್ದು ಹೀಗಿತ್ತು: "ಹೈನುಗಾರಿಕೆ ಬಹಳ ಒಳ್ಳೆಯದು. ಹೈನುಗಾರಿಕೆಯಿಂದ ದೇಶಕ್ಕೆ ಬಹಳ ಲಾಭ. ಎಲ್ಲರೂ ಹೈನುಗಾರಿಕೆ ಮಾಡಬೇಕು." ಅಲ್ಲಿಗೆ ಮುಗಿಯಿತು. ಮುಂದೆ ಏನೂ ತೋಚಲಿಲ್ಲ. ಈ ಮೂರು ವಾಕ್ಯದಲ್ಲಿ ಹೈನುಗಾರಿಕೆ ಎಂಬ ಪದ ತೆಗೆದು ರೇಷ್ಮೆ ಕೃಷಿ ಎಂದು ಹಾಕಿದರೂ ನಡೆಯುತ್ತದೆ. ಅಂದರೆ ಹೈನುಗಾರಿಕೆ ಬಗ್ಗೆ ಇನ್ನೂ ಏನೂ ಹೇಳಿಲ್ಲ ಎಂದಾಯಿತು.

ಆಮೇಲೆ ನಾನು ಕೊಟ್ಟಿಗೆಯಲ್ಲಿ ನಿಂತು ಒಂದೊಂದೇ ಕೇಳಿದೆ. ಎಷ್ಟು ಹೊತ್ತಿಗೆ ಏಳುತ್ತೀಯ? ಹಸುವಿಗೆ ಏನೇನು ಹಾಕುತ್ತೀಯ? ಡೈರಿಯಲ್ಲಿ ಏನು ನೋಡುತ್ತಾರೆ? ದುಡ್ಡು ಯಾವಾಗ ಬರುತ್ತದೆ? ಅವರು ಹಾಲು ಕರೆಯುತ್ತಲೇ ಉತ್ತರ ಹೇಳಿದರು. ಬೇಸಿಗೆಯಲ್ಲಿ ಹಸಿರು ಮೇವು ಸಿಗುವುದಿಲ್ಲ, ಬೂಸಾ ಹಿಂಡಿ ರೇಟು ಜಾಸ್ತಿ, ಹಾಲಿಗೆ ನೀರು ಹಾಕಿದರೆ ಡೈರಿಯಲ್ಲಿ ಗೊತ್ತಾಗುತ್ತದೆ, ಫ್ಯಾಟು ಕಡಿಮೆ ಬಂದರೆ ದುಡ್ಡು ಕಡಿಮೆ, ಕೆಚ್ಚಲು ಬಾವು ಬಂದರೆ ಹಾಲು ಕೆಡುತ್ತದೆ, ಬಟವಾಡೆ ದುಡ್ಡಿನಲ್ಲೇ ಮಕ್ಕಳ ನೋಟ್ ಬುಕ್ಕು. ನಾನು ಬೆರಳು ಮಡಿಸಿ ಎಣಿಸಿದೆ, ಎರಡು ಕೈ ಬೆರಳು ಮುಗಿದವು!

ಎರಡನೇ ಸಲ ಬರೆದಾಗ ಪೀಠಿಕೆ ಹೀಗೆ ಬಂತು: "ಹಸು ಎಮ್ಮೆ ಸಾಕಿ ಹಾಲಿನಿಂದ ಆದಾಯ ಪಡೆಯುವುದೇ ಹೈನುಗಾರಿಕೆ. 1970ರಲ್ಲಿ ನಮ್ಮ ದೇಶದಲ್ಲಿ ಕ್ಷೀರಕ್ರಾಂತಿ ಆರಂಭವಾಯಿತು. ಅದರ ಮುಂದಾಳು ವರ್ಗೀಸ್ ಕುರಿಯನ್ ಅವರು." ಇಷ್ಟು ಮಾತ್ರ ಪುಸ್ತಕದ್ದು. ಮುಂದೆ ಎಲ್ಲ ಕೊಟ್ಟಿಗೆಯದು. "ಮಳೆ ನಂಬಿದ ಬೆಳೆ ವರ್ಷಕ್ಕೆ ಒಂದು ಸಲ ದುಡ್ಡು ಕೊಡುತ್ತದೆ, ಕೊಡದೆಯೂ ಇರಬಹುದು. ಹಸು ದಿನಕ್ಕೆ ಎರಡು ಸಲ ಕೊಡುತ್ತದೆ" ಎಂದು ಅವರೇ ಬರೆದರು. ಮೇಷ್ಟ್ರು ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದರು. ತಪ್ಪಿಗೆ ಎಳೆದರೇನೋ ಎಂದು ಚಿಕ್ಕಮ್ಮ ಹೆದರಿದ್ದರು. ಪಕ್ಕದಲ್ಲಿ "ಚೆನ್ನಾಗಿದೆ" ಎಂದು ಇತ್ತು.

ಆಡುವ ಮಾತು, ಬರೆಯುವ ಮಾತು

ಪರೀಕ್ಷೆಯಲ್ಲಿ ಆಡುವ ಹಾಗೇ ಬರೆದರೆ ಅಂಕ ಹೋಗುತ್ತದೆ. ಐತೆ ಎನ್ನುವುದು ಇದೆ ಆಗಬೇಕು. ಮಾಡ್ತೀವಿ ಎನ್ನುವುದು ಮಾಡುತ್ತೇವೆ ಆಗಬೇಕು. ನಮ್ಮ ಕಡೆ ಹಕಾರ ಬಿಟ್ಟು ಮಾತಾಡುವುದು ರೂಢಿ. ಹಾಲು ಎಂದು ಬರೆಯುವ ಕಡೆ ಆಲು ಎಂದು ಬರೆದರೆ, ಹಕ್ಕಿ ಎಂದು ಬರೆಯುವ ಕಡೆ ಅಕ್ಕಿ ಎಂದು ಬರೆದರೆ ಅರ್ಥವೇ ಕೆಟ್ಟುಹೋಗುತ್ತದೆ. ಮಹಾಪ್ರಾಣವೂ ಹಾಗೆಯೇ. ಧನ ಎಂದರೆ ದುಡ್ಡು, ದನ ಎಂದರೆ ಹಸು ಎಮ್ಮೆ. ಹೈನುಗಾರಿಕೆ ಪ್ರಬಂಧದಲ್ಲಿ ಎರಡೂ ಬೇಕು!

ಇದಕ್ಕೆ ನಾವು ಕ್ಯಾಲೆಂಡರಿನ ಹಿಂದೆ ಎರಡು ಸಾಲು ಪಟ್ಟಿ ಮಾಡಿದ್ದೇವೆ. ಎಡಗಡೆ ಆಡುವ ಮಾತು, ಬಲಗಡೆ ಬರೆಯುವ ಮಾತು. ದಿನಕ್ಕೆ ಐದೇ ಪದ. ಅಡುಗೆ ಮನೆ ಬಾಗಿಲಿಗೆ ಅಂಟಿಸಿದ್ದೇವೆ. ರೊಟ್ಟಿ ತಟ್ಟುವಾಗ ಕಣ್ಣಿಗೆ ಬೀಳುತ್ತದೆ.

ಗಡಿಯಾರ ಇಟ್ಟುಕೊಂಡು ಬರೆಯುವುದು

ಒಂದು ಪ್ರಬಂಧಕ್ಕೆ ನಾವು 20 ನಿಮಿಷ ಇಟ್ಟುಕೊಂಡಿದ್ದೇವೆ. ಗುರುತು ಹಾಕಲು 3 ನಿಮಿಷ, ಬರೆಯಲು 14 ನಿಮಿಷ, ಓದಿ ತಿದ್ದಲು 3 ನಿಮಿಷ. ಮೊದಮೊದಲು ಅಷ್ಟರಲ್ಲಿ ಅರ್ಧ ಪುಟವೂ ಆಗುತ್ತಿರಲಿಲ್ಲ. ಕೈ ಓಡಲಿ ಎಂದು ದಿನಾ ಒಂದು ಪುಟ ಪೇಪರ್ ನೋಡಿ ನಕಲು ಬರೆಯುತ್ತಾರೆ. ಈಗ ಒಂದೂವರೆ ಪುಟ ಆಗುತ್ತದೆ. ಪರೀಕ್ಷೆಯಲ್ಲಿ ಕೊನೆಗೆ ಹೊತ್ತು ಸಾಲದು ಎನ್ನುವವರು ಪ್ರಬಂಧವನ್ನು ಮೊದಲೇ ಬರೆದುಬಿಡಬಹುದು, ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರೆ ಸಾಕು ಎಂದು ಮೇಷ್ಟ್ರು ಹೇಳಿದ್ದಾರೆ.

ಇಡೀ ಪ್ರಬಂಧ ಉರು ಹೊಡೆಯುವುದು ಬೇಡ. ಗ್ರಂಥಾಲಯದ ಮಹತ್ವ ಉರು ಹೊಡೆದು ಹೋದರೆ ಪತ್ರಿಕೆಯಲ್ಲಿ ಪರಿಸರ ಮಾಲಿನ್ಯ ಬಂದಿರುತ್ತದೆ. ಗುರುತು ಹಾಕುವ ಕ್ರಮ ಗೊತ್ತಿದ್ದರೆ ಯಾವ ವಿಷಯ ಬಂದರೂ ಹೆದರಬೇಕಿಲ್ಲ.

ನಾವು ಏನು ಮಾಡಬಹುದು?

ಪ್ರಶ್ನೆ ಕೇಳುವುದು, ಗಡಿಯಾರ ನೋಡುವುದು, ಓದಿಸಿ ಕೇಳುವುದು, ಇಷ್ಟನ್ನು ಏಳನೇ ತರಗತಿಯವರಾದ ನಾವು ಖಂಡಿತ ಮಾಡಬಹುದು. ತಿದ್ದುವ ಕೆಲಸ ಮಾತ್ರ ಗುರುಗಳಿಗೆ ಬಿಡಬೇಕು. ಮುಖ್ಯವಾಗಿ ನಗಬಾರದು. ಒಂದು ಸಲ ನಕ್ಕರೆ ದೊಡ್ಡವರು ಪುಸ್ತಕ ಮುಚ್ಚಿಡುತ್ತಾರೆ, ಮತ್ತೆ ತೆಗೆಯುವುದಿಲ್ಲ. ನಮಗೆ ಫೇಲಾದರೆ ಮುಂದಿನ ವರ್ಷ ಇದೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ದೊಡ್ಡವರಿಗೆ ಹಾಗೆ ಹೇಳುವವರು ಕಡಿಮೆ. ಹತ್ತನೇ ತರಗತಿ ಪಾಸಾಗಿರಬೇಕು ಎಂದು ಕೇಳುವ ಕೆಲಸಗಳಿಗೆ ಅವರು ಅರ್ಜಿಯನ್ನೇ ಹಾಕಲಾಗದೆ ವಾಪಸ್ಸು ಬರುತ್ತಾರೆ.

ನಮ್ಮ ಊರಿನಲ್ಲಿ ಅರ್ಧಕ್ಕೆ ಬಿಟ್ಟವರು ಚಿಕ್ಕಮ್ಮ ಒಬ್ಬರೇ ಅಲ್ಲ. ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಅದರಲ್ಲಿ ಇಬ್ಬರು, ಯಾರಾದರೂ ಹೇಳಿಕೊಟ್ಟರೆ ನಾವೂ ಕಟ್ಟುತ್ತೇವೆ ಎಂದು ಚಿಕ್ಕಮ್ಮನ ಹತ್ತಿರ ಹೇಳಿದ್ದಾರಂತೆ. ಡೈರಿಗೆ ಹಾಲು ಹಾಕಿದ ಮೇಲೆ, ಸಂಜೆ ಏಳರಿಂದ ಎಂಟರವರೆಗೆ ನಮ್ಮ ಶಾಲೆಯ ಒಂದು ಕೋಣೆ ತೆಗೆದುಕೊಟ್ಟರೆ ಅವರೆಲ್ಲ ಒಟ್ಟಿಗೆ ಕೂತು ಬರೆಯಬಹುದು ಎಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಕಸ ಗುಡಿಸಿ, ಬೀಗ ಹಾಕಿ, ಬೀಗದ ಕೈ ತಂದುಕೊಡುವ ಜವಾಬ್ದಾರಿ ನಮ್ಮ ತರಗತಿಯವರದು.