ಕ್ಯಾಂಪರ್ ವ್ಯಾನಿನಲ್ಲಿ ಮೌಂಟನ್ ಬೈಕ್: ಕಟ್ಟುವುದು ಹೇಗೆ, ಯಾಕೆ ಹಾಗೆ?

ಬೇಸಿಗೆ ರಜೆ ಬಂತೆಂದರೆ ಮ್ಯೂನಿಕ್ ಸುತ್ತಮುತ್ತಲಿನ ಅನೇಕ ಮನೆಗಳ ಮುಂದೆ ಕ್ಯಾಂಪರ್ ವ್ಯಾನ್‌ಗಳು ಸಜ್ಜಾಗುತ್ತವೆ. ಬ್ರೆನ್ನರ್ ಘಟ್ಟ ದಾಟಿ ಇಟಲಿಯ ಗಾರ್ಡಾ ಸರೋವರ ತಲುಪಿದರೆ ಬಿಸಿಲು, ಈಜು, ಬೆಟ್ಟದ ಹಾದಿಯಲ್ಲಿ ಸೈಕಲ್ ಸವಾರಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಆದರೆ ಸಸ್ಪೆನ್ಷನ್ ಫೋರ್ಕ್ ಇರುವ ಬೈಕನ್ನು ವ್ಯಾನಿನೊಳಗೆ ಒಯ್ಯುವುದಕ್ಕೆ ಒಂದು ಕ್ರಮವಿದೆ. ಪೋಷಕರಿಗೆ ಆ ಕ್ರಮವನ್ನೂ, ವಿದ್ಯಾರ್ಥಿಗಳಿಗೆ ಅದರ ಹಿಂದಿರುವ ವಿಜ್ಞಾನವನ್ನೂ ತಿಳಿಸುವುದು ನಮ್ಮ ಉದ್ದೇಶ.

ಸಸ್ಪೆನ್ಷನ್ ಫೋರ್ಕ್ ಎಂದರೇನು?

ಸಾಧಾರಣ ಸೈಕಲ್ಲಿನ ಮುಂದಿನ ಫೋರ್ಕ್ ಅಲುಗಾಡದ ಗಟ್ಟಿ ಕೊಳವೆ. ಮೌಂಟನ್ ಬೈಕಿನಲ್ಲಿ ಹಾಗಲ್ಲ. ಮೇಲಿನ ಎರಡು ನುಣುಪಾದ ಕೊಳವೆಗಳು ಕೆಳಗಿನ ದಪ್ಪ ಕಾಲುಗಳೊಳಗೆ ಜಾರುತ್ತವೆ. ಸಾಮಾನ್ಯವಾಗಿ ಒಂದು ಕಾಲಿನಲ್ಲಿ ಸ್ಪ್ರಿಂಗ್ ಅಥವಾ ಒತ್ತಿ ತುಂಬಿದ ಗಾಳಿ ಇರುತ್ತದೆ, ಇನ್ನೊಂದರಲ್ಲಿ ಎಣ್ಣೆ ತುಂಬಿದ ಡ್ಯಾಂಪರ್. ಗಾಳಿ ಹೊಡೆತವನ್ನು ತಡೆದುಕೊಳ್ಳುತ್ತದೆ. ಬೈಕು ಚೆಂಡಿನಂತೆ ಮತ್ತೆ ಮತ್ತೆ ಕುಪ್ಪಳಿಸದಂತೆ ಎಣ್ಣೆ ನೋಡಿಕೊಳ್ಳುತ್ತದೆ. ಎರಡು ಕೊಳವೆಗಳು ಸೇರುವಲ್ಲಿ ರಬ್ಬರ್ ಸೀಲ್ ಇರುತ್ತದೆ.

ರಾಕ್‌ಷಾಕ್ಸ್ ಸಂಸ್ಥೆಯ ಮೊದಲ ಫೋರ್ಕ್ ಬಂದದ್ದು 1989ರಲ್ಲಿ. ಮರುವರ್ಷವೇ ಅಮೆರಿಕದ ಡುರಾಂಗೋದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನ ಇಳಿಜಾರು ಸ್ಪರ್ಧೆಯನ್ನು ಗ್ರೆಗ್ ಹರ್ಬೋಲ್ಡ್ ಇಂತಹ ಫೋರ್ಕ್ ಇದ್ದ ಬೈಕಿನಲ್ಲಿ ಗೆದ್ದರು. ಇಂದು ಮಕ್ಕಳ ಬೈಕುಗಳಲ್ಲೂ ಇದು ಸಾಮಾನ್ಯ.

ಹ್ಯಾಂಡಲ್ ಮೇಲೆ ಪಟ್ಟಿ ಬಿಗಿಯಬೇಡಿ

ಹ್ಯಾಂಡಲ್ ಮೇಲಿಂದ ಪಟ್ಟಿ ಹಾಕಿ ನೆಲಕ್ಕೆ ಬಿಗಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಗಟ್ಟಿ ಫೋರ್ಕಿಗೆ ಅದು ಸರಿ, ಜಾರುವ ಫೋರ್ಕಿಗೆ ಸರಿಯಲ್ಲ. ವ್ಯಾನು ಗುಂಡಿಗೆ ಇಳಿದಾಗ ಫೋರ್ಕ್ ಒಳಕ್ಕೆ ಕುಗ್ಗುತ್ತದೆ. ಆ ಕ್ಷಣದಲ್ಲಿ ಪಟ್ಟಿ ಸಡಿಲವಾಗುತ್ತದೆ, ಕೊಕ್ಕೆ ಕಳಚಿಕೊಳ್ಳಬಹುದು. ಆದ್ದರಿಂದ ಪಟ್ಟಿಯನ್ನು ಕುಗ್ಗದ ಭಾಗಗಳಿಗೇ ಹಾಕಬೇಕು: ಫೋರ್ಕಿನ ಕೆಳಗಿನ ಕಾಲುಗಳು ಮತ್ತು ಚಕ್ರಗಳು.

ಇದಕ್ಕಿಂತ ಒಳ್ಳೆಯದು, ಮುಂದಿನ ಚಕ್ರ ಬಿಚ್ಚಿ ಫೋರ್ಕಿನ ತುದಿಯನ್ನು ನೆಲದ ಹಿಡಿಕೆಗೆ ಕೂರಿಸುವುದು. ಹಿಡಿಕೆ ಕೊಳ್ಳುವ ಮೊದಲು ಆಕ್ಸಲ್ ಅಳತೆ ನೋಡಿ. ಹಳೆಯ ಬೈಕುಗಳಲ್ಲಿ 9 ಮಿ.ಮೀ., ಹೊಸ ಬೈಕುಗಳಲ್ಲಿ ಹೆಚ್ಚಾಗಿ 15 ಮಿ.ಮೀ. ದಪ್ಪ, ಅಗಲ 100 ಅಥವಾ 110 ಮಿ.ಮೀ. ಹಿಡಿಕೆಯನ್ನು ತೆಳು ಪ್ಲೈವುಡ್ಡಿಗೆ ತಿರುಪು ಹಾಕಿ ನಿಲ್ಲಿಸದೆ, ವ್ಯಾನಿನ ಲೋಹದ ನೆಲಕ್ಕೆ ಬೋಲ್ಟ್ ಮಾಡಿಸಿ. ಹಿಂದಿನ ಚಕ್ರವನ್ನೂ ಕಟ್ಟಿ. ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಅದು ಮೇಲೇಳುತ್ತದೆ.

14 ಕಿಲೋ ಬೈಕು 280 ಕಿಲೋ ಆಗುವುದು ಹೇಗೆ?

ತುರ್ತಾಗಿ ಬ್ರೇಕ್ ಹಾಕಿದರೂ, ಹಠಾತ್ತನೆ ಪಕ್ಕಕ್ಕೆ ತಿರುಗಿಸಿದರೂ ಸಾಮಾನು ಜಾರಬಾರದು, ಉರುಳಬಾರದು ಎನ್ನುತ್ತದೆ ಜರ್ಮನಿಯ ರಸ್ತೆ ಸಂಚಾರ ನಿಯಮಗಳ 22ನೇ ಕಲಮು. ಇಲ್ಲಿ ಮುಂದಕ್ಕೆ ಲೆಕ್ಕ ಹಿಡಿಯುವ ಬಲ ಸಾಮಾನಿನ ತೂಕದ 0.8 ಪಟ್ಟು, ಹಿಂದಕ್ಕೆ 0.5 ಪಟ್ಟು. ಅಂದರೆ 14 ಕಿಲೋ ಬೈಕು ಬ್ರೇಕ್ ಹಾಕಿದಾಗ ಸುಮಾರು 11 ಕಿಲೋ ತೂಕದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ.

ಡಿಕ್ಕಿಯಾದರೆ ಲೆಕ್ಕವೇ ಬೇರೆ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ವ್ಯಾನು ಅರ್ಧ ಮೀಟರಿನಲ್ಲಿ ನಿಂತಿತೆನ್ನೋಣ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ 196 ಬರುತ್ತದೆ. ಇದು ಗುರುತ್ವದ ಸುಮಾರು 20 ಪಟ್ಟು. ಆಗ ಅದೇ ಬೈಕನ್ನು ಹಿಡಿದಿಡಲು 280 ಕಿಲೋ ತೂಕದಷ್ಟು ಬಲ ಬೇಕು. ಅದರ ಮುಂದಿನ ಸೀಟಿನಲ್ಲಿ ನಮ್ಮ ಮಕ್ಕಳು ಕುಳಿತಿರುತ್ತಾರೆ. ಎಲಾಸ್ಟಿಕ್ ಹಗ್ಗ ಈ ಕೆಲಸಕ್ಕೆ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಸಿಗೆಯ ಮೇಲೆ ಬೈಕನ್ನು ಸುಮ್ಮನೆ ಮಲಗಿಸಿ ಹೊರಡುವುದಂತೂ ಕೂಡದು.

ಬಿಸಿಲು ಮತ್ತು ಗಾಳಿಯ ಒತ್ತಡ

ಬಿಸಿಲಲ್ಲಿ ನಿಂತ ವ್ಯಾನಿನೊಳಗೆ 60 ಡಿಗ್ರಿ ಸೆಲ್ಸಿಯಸ್ ತನಕ ಶಾಖ ಏರಬಹುದು. 20 ಡಿಗ್ರಿಯಲ್ಲಿ ಫೋರ್ಕಿಗೆ 80 ಪಿಎಸ್‌ಐ ಗಾಳಿ ತುಂಬಿದ್ದೀರಿ ಎಂದುಕೊಳ್ಳಿ. ವಾತಾವರಣದ ಒತ್ತಡ ಸೇರಿಸಿದರೆ ಒಟ್ಟು ಸುಮಾರು 95. ಕೆಲ್ವಿನ್ ಲೆಕ್ಕದಲ್ಲಿ ಉಷ್ಣತೆ 293ರಿಂದ 333ಕ್ಕೆ ಏರುತ್ತದೆ. ಒಟ್ಟು ಒತ್ತಡವೂ ಅದೇ ಪ್ರಮಾಣದಲ್ಲಿ ಏರಿ 108 ಆಗುತ್ತದೆ. ಪಂಪಿನ ಮುಳ್ಳು 93 ತೋರಿಸುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಫೋರ್ಕಿಗೆ ಇದರಿಂದ ಅಪಾಯವಿಲ್ಲ. ಆದರೆ ಬಿಸಿ ಇರುವಾಗ ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಫೋರ್ಕ್ ಮೆತ್ತಗಾಗುತ್ತದೆ. ಬೈಕನ್ನು ನೆರಳಿನಲ್ಲಿ ಇಟ್ಟು, ತಣಿದ ನಂತರವೇ ಒತ್ತಡ ನೋಡಿ. ಸುಮಾರು 1,370 ಮೀಟರ್ ಎತ್ತರದ ಬ್ರೆನ್ನರ್ ಏರುವಾಗ ಆಗುವ ವ್ಯತ್ಯಾಸ ಒಂದೆರಡು ಪಿಎಸ್‌ಐ ಮಾತ್ರ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹೊರಡುವ ಮೊದಲು ಗಮನಿಸಿ

1. ಫೋರ್ಕಿನ ನುಣುಪು ಕೊಳವೆಗಳಿಗೆ ಹಳೆಯ ಟವೆಲ್ ಸುತ್ತಿ. ಪಕ್ಕದ ಬೈಕಿನ ಪೆಡಲ್ ತಾಗಿ ಗೀರು ಬಿದ್ದರೆ ಸೀಲ್ ಸವೆದು ಎಣ್ಣೆ ಸೋರುತ್ತದೆ.

2. ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ಬಿಚ್ಚಿದೊಡನೆ ಬ್ರೇಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಯಾರಾದರೂ ಲಿವರ್ ಒತ್ತಿದರೆ ಪ್ಯಾಡ್‌ಗಳು ಅಂಟಿಕೊಂಡು ಚಕ್ರ ಒಳಗೆ ಹೋಗುವುದಿಲ್ಲ.

3. ಬೈಕನ್ನು ಮಲಗಿಸಿ ಕಟ್ಟಲೇಬೇಕಾದರೆ ಚೈನ್ ಇರುವ ಬದಿ ಮೇಲಿರಲಿ.

4. ಬಿಚ್ಚಿದ ಚಕ್ರದ ಡಿಸ್ಕ್ ಮೇಲೆ ಭಾರ ಹೇರಬೇಡಿ, ಅದು ಸುಲಭವಾಗಿ ಬಾಗುತ್ತದೆ.

5. ಬೈಕುಗಳ ತೂಕವೂ ವ್ಯಾನಿನ ಅನುಮತಿಸಿದ ಒಟ್ಟು ತೂಕದಲ್ಲಿ ಸೇರುತ್ತದೆ.

6. ಅರ್ಧ ಗಂಟೆ ಓಡಿದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ.

ತಲುಪಿದ ಮೇಲೆ ಆಕ್ಸಲ್ ಬಿಗಿಯಾಗಿದೆಯೇ ಎಂದು ನೋಡಿ. ಬ್ರೇಕ್ ಲಿವರನ್ನು ಕೆಲವು ಸಲ ಒತ್ತಿ. ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ, ಸರಿಪಡಿಸದೆ ಇಳಿಜಾರಿಗೆ ಹೋಗಬೇಡಿ. ಸರೋವರದ ದಡ ತಲುಪಿ, ಬೈಕು ಮಾತ್ರ ಕೆಟ್ಟು ಕುಳಿತರೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತದೆ. ಈ ಕೆಲಸದಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳಿ. ಟವೆಲ್ ಸುತ್ತುವುದು, ಪಟ್ಟಿ ಪರೀಕ್ಷಿಸುವುದು, ಒತ್ತಡದ ಲೆಕ್ಕ ಹಾಕುವುದು ಅವರೂ ಮಾಡಬಲ್ಲ ಕೆಲಸಗಳೇ. ಎಲ್ಲರ ಪ್ರಯಾಣವೂ ಸುಖಕರವಾಗಿರಲಿ!