ಬ್ಯಾಟರಿಯಲ್ಲೂ ಲಿಥಿಯಂ, ಮಾತ್ರೆಯಲ್ಲೂ ಲಿಥಿಯಂ

ಕೆಂಗೇರಿ ಉಪನಗರದ ಪಿಜಿಯಲ್ಲಿ ನಾವು ನಾಲ್ಕು ಜನ ಒಂದೇ ರೂಮು. ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬ ನಿದ್ದೆಯಿಲ್ಲದೆ ವಾರಗಟ್ಟಲೆ ಓಡಾಡಿದ, ಸ್ಟಾರ್ಟಪ್ ಮಾಡ್ತೀನಿ ಅಂತ ಫೀಸ್ ದುಡ್ಡೆಲ್ಲ ಖರ್ಚು ಮಾಡಿದ. ಆಮೇಲೆ ಒಂದು ತಿಂಗಳು ಹಾಸಿಗೆ ಬಿಟ್ಟು ಏಳಲೇ ಇಲ್ಲ. ನಾವು 'ಸೋಂಬೇರಿ' ಅಂತ ಹೆಸರಿಟ್ಟು ನಗ್ತಾ ಇದ್ವಿ. ಡಾಕ್ಟರು ಬೈಪೋಲಾರ್ ಅಂದರು, ಲಿಥಿಯಂ ಮಾತ್ರೆ ಬರೆದುಕೊಟ್ಟರು. "ಬ್ಯಾಟರೀದಾ?" ಅಂತ ಕೇಳಿದ್ದು ನಾವೇ. (ಅದೇ ಧಾತು. ಮಾತ್ರೆಯಲ್ಲಿರೋದು ಅದರ ಕಾರ್ಬೊನೇಟ್.) ಅವನು ಕೇಳಿದ್ದು ಬೇರೆ: "ಇದು ನನ್ನ ಬುದ್ಧೀನೋ, ಕಾಯಿಲೇನೋ?" ಅವನನ್ನು ಕೇಳಿಯೇ ಇದನ್ನು ಬರೀತಿದ್ದೀವಿ.

ಓಡ್ತಿರೋ ಎಂಜಿನ್ನನ್ನು ಬಿಚ್ಚಿ ನೋಡೋಕಾಗಲ್ಲ. ಬದುಕಿರೋರ ಮಿದುಳೂ ಹಾಗೇ. ಸ್ಕ್ಯಾನ್‌ನಲ್ಲಿ ಒಂದೊಂದು ನರಕೋಶ ಕಾಣಲ್ಲ. ಇದಕ್ಕೆ ದಾರಿ ಮಾಡಿದ್ದು ಜಪಾನಿನ ಶಿನ್ಯಾ ಯಮನಾಕ. 2006ರಲ್ಲಿ ಅವರ ತಂಡ ಇಲಿಯ ಬೆಳೆದ ಕೋಶಗಳಿಗೆ ನಾಲ್ಕು ಜೀನ್ ಸೇರಿಸಿ, ಅವನ್ನು ಮತ್ತೆ ಕಾಂಡಕೋಶದಂತೆ ಮಾಡಿತು. ಮರುವರ್ಷ ಮನುಷ್ಯರ ಕೋಶದಲ್ಲೂ ಇದು ಸಾಧ್ಯವಾಯ್ತು. ಫ್ಯಾಕ್ಟರಿ ರಿಸೆಟ್ ಅಂತಿಟ್ಕೊಳ್ಳಿ, ಆದರೆ ಆ ವ್ಯಕ್ತಿಯ ಡಿಎನ್‌ಎ ಅಳಿಸಿಹೋಗಲ್ಲ. ಅಂಥ ಕೋಶದಿಂದ ನರಕೋಶ ಬೆಳೆಸಬಹುದು.

ಈ ಕೆಲಸ ನಮ್ಮೂರಲ್ಲೂ ನಡೀತಿದೆ. 2016ರಲ್ಲಿ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಮೂರೂ ಸೇರಿ ಎಡಿಬಿಎಸ್ ಅನ್ನೋ ಯೋಜನೆ ಶುರು ಮಾಡಿದವು. ಒಬ್ಬರಿಗಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರೋ ಕುಟುಂಬಗಳಿಂದ ರಕ್ತ ಪಡೆದು ಕೋಶ ಬೆಳೆಸ್ತಾರೆ. ಬೈಪೋಲಾರ್, ಸ್ಕಿಜೋಫ್ರೇನಿಯಾ ಎರಡೂ ಇದರಲ್ಲಿವೆ. ನಮಗೆ ಹಿಡಿಸಿದ್ದು ಅದರ ಕಂಟ್ರೋಲ್: ಅದೇ ಮನೆಯಲ್ಲಿ ಕಾಯಿಲೆ ಇಲ್ಲದವರ ಕೋಶ. ಅಣ್ಣ ತಮ್ಮಂದಿರಲ್ಲಿ ಎಷ್ಟೋ ಜೀನ್ ಒಂದೇ, ಹಾಗಾಗಿ ವ್ಯತ್ಯಾಸ ಹುಡುಕೋದು ಸ್ವಲ್ಪ ಸುಲಭ.

ಅಮೆರಿಕದ ಸಾಲ್ಕ್ ಸಂಸ್ಥೆಯವರು 2015ರಲ್ಲಿ ಬೈಪೋಲಾರ್ ಇರೋರ ಕೋಶಗಳಿಂದ ಬೆಳೆಸಿದ ನರಕೋಶಗಳು ಬೇರೆಯವರಿಗಿಂತ ಜಾಸ್ತಿ ಸಿಗ್ನಲ್ ಹೊಡೀತಿದ್ದವು. ಲಿಥಿಯಂ ಹಾಕಿದಾಗ ಕೆಲವು ಶಾಂತವಾದವು, ಕೆಲವು ಆಗಲಿಲ್ಲ. ಶಾಂತವಾದವು ಯಾರವು ಗೊತ್ತಾ? ಲಿಥಿಯಂ ಮಾತ್ರೆಯಿಂದ ಗುಣ ಕಂಡಿದ್ದವರವು! ಗಾಜಿನ ತಟ್ಟೆಯಲ್ಲಿದ್ದ ಕೋಶಕ್ಕೆ ಸೋಮಾರಿತನ, ಸಹವಾಸದೋಷ ಏನೂ ಇರಲ್ಲ ಅಲ್ವಾ?

ಆದರೂ ಕೋಶ ನೋಡಿ ಕಾಯಿಲೆ ಹೇಳೋ ಟೆಸ್ಟ್ ಇನ್ನೂ ಬಂದಿಲ್ಲ. ಆ ಪ್ರಯೋಗದಲ್ಲಿದ್ದೋರೂ ಕೆಲವೇ ಜನ. ಜೀನ್ ಒಂದೇ ಕಾರಣಾನೂ ಅಲ್ಲ. ನಿದ್ದೆಗೆಡೋದು, ಒತ್ತಡ ಇವೂ ಸೇರ್ತವೆ. ಈ ಕಾಯಿಲೆಗಳು ಸಾಮಾನ್ಯವಾಗಿ ಶುರುವಾಗೋದು ನಮ್ಮ ವಯಸ್ಸಲ್ಲೇ. ನಿಮ್ಮ ರೂಮಲ್ಲಿ ಯಾರಾದ್ರೂ ಹೀಗಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ.

ಲಿಥಿಯಂ ರಕ್ತದಲ್ಲಿ ಕಮ್ಮಿಯಾದ್ರೆ ಕೆಲಸ ಮಾಡಲ್ಲ, ಜಾಸ್ತಿಯಾದ್ರೆ ವಿಷ. ಅದಕ್ಕೆ ಆಗಾಗ ಬ್ಲಡ್ ಟೆಸ್ಟ್. ಹಿಂದಿನ ಮಾತ್ರೆ ತಗೊಂಡು ಹನ್ನೆರಡು ಗಂಟೆಯಾದ ಮೇಲೆ ರಕ್ತ ಕೊಡಬೇಕು, ಹಾಗಾಗಿ ಬೆಳಿಗ್ಗೇನೇ ಹೊರಡ್ತಾನೆ. ನಮ್ಮಲ್ಲೊಬ್ಬರು ಜೊತೆಗೆ ಹೋಗ್ತೀವಿ. ಫಸ್ಟ್ ಅವರ್ ಅಟೆಂಡೆನ್ಸ್ ಹೋಗುತ್ತೆ, ಹೋಗ್ಲಿ.