ಕೋರ್ಟಿನ ತಾರೀಖು ಮತ್ತು ಕಿರಿಯ ವಕೀಲರ ಕೆಲಸ

ಕರಾವಳಿಯ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ತುಕ್ಕಾನಟ್ಟಿಯ ಪರಿಚಯ ಇರಲಿಕ್ಕಿಲ್ಲ. ಬೆಳಗಾವಿ ಜಿಲ್ಲೆಯ ಈ ಹಳ್ಳಿ ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಈ ಭಾಗದ ಜನರು ಕಬ್ಬಿನ ಬೆಳೆಯನ್ನೂ ಸಕ್ಕರೆ ಕಾರ್ಖಾನೆಗಳನ್ನೂ ನಂಬಿದವರು. ಗೋಕಾಕ ಜಲಪಾತದ ಬಳಿ ಹತ್ತೊಂಬತ್ತನೇ ಶತಮಾನದಲ್ಲೇ ನೂಲಿನ ಗಿರಣಿ ಆರಂಭವಾಗಿತ್ತು. ಜಮೀನು, ಕಾರ್ಖಾನೆ ಎರಡೂ ಇರುವ ಇಂಥ ಕಡೆ ಕಿರಿಯ ವಕೀಲರ ಬಳಿಗೆ ನೌಕರಿಯ, ಆಸ್ತಿಯ ಹಾಗೂ ಅಪರಾಧದ ಪ್ರಕರಣಗಳು ಒಟ್ಟಿಗೇ ಬರುತ್ತವೆ.

ಕಾನೂನು ಪದವಿ ಪಡೆದವರು 1961ರ ವಕೀಲರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಂತರ ಹಿರಿಯರ ಕಚೇರಿಯಲ್ಲಿ ಕಡತ ಹೊರುವುದು, ಅರ್ಜಿ ಬರೆಯುವುದು, ಡೈರಿಯಲ್ಲಿ ತಾರೀಖು ಗುರುತಿಸುವುದು. ಕೊನೆಯದು ಸಣ್ಣ ಕೆಲಸದಂತೆ ಕಂಡರೂ ಕಕ್ಷಿದಾರನ ಹಕ್ಕು ಉಳಿಯುವುದು ಅದರಿಂದಲೇ.

ನೌಕರಿಯ ಪ್ರಕರಣ

ಒಬ್ಬ ಕಾರ್ಮಿಕನನ್ನು ಕೆಲಸದಿಂದ ತೆಗೆದರು ಎನ್ನೋಣ. "ಇಂದೋ ನಾಳೆಯೋ ಕರೆಯುತ್ತಾರೆ" ಎಂದು ಆತ ಕಾಯುತ್ತಾನೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇಂಥವರಿಗೆ ಮೂರು ವರ್ಷಗಳ ಗಡುವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಂತೆ, ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ರಾಜಿ ಅಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ರಾಜಿ ಸಭೆಯಲ್ಲಿ ವಕೀಲರು ಕಕ್ಷಿದಾರನ ಪರ ಹಾಜರಾಗುವಂತೆಯೂ ಇಲ್ಲ. ಆದುದರಿಂದ ಮನವಿ ಸಿದ್ಧಪಡಿಸಿ, ವೇತನ ಚೀಟಿ, ಹಾಜರಿ ದಾಖಲೆಗಳನ್ನು ಜೋಡಿಸಿಕೊಟ್ಟು ಆತನನ್ನು ತಯಾರು ಮಾಡುವುದೇ ಕಿರಿಯರ ಕೆಲಸ. ಹಂಗಾಮಿ ಕಾರ್ಖಾನೆಯಲ್ಲಿ ಹಂಗಾಮಿಗಷ್ಟೇ ದುಡಿಯುವವರಿಗೆ ಉಪದಾನ ಪ್ರತಿ ಹಂಗಾಮಿಗೆ 7 ದಿನಗಳ ವೇತನದಂತೆ ಸಿಗುತ್ತದೆ ಎಂಬುದು ಅನೇಕರಿಗೆ ತಿಳಿದೇ ಇಲ್ಲ.

ಆಸ್ತಿಯ ಪ್ರಕರಣ

ಹಳ್ಳಿಗಳಲ್ಲಿ ಜಮೀನಿನ ಪಾಲಿನ ದಾವೆಗಳು ಸಾಮಾನ್ಯ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ, 2005ರಲ್ಲಿ ತಂದೆ ಬದುಕಿರಬೇಕಾದ್ದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಿಭಾಗಪತ್ರವನ್ನು ಈ ನಿಯಮ ಕದಲಿಸುವುದಿಲ್ಲ. ದಾವೆಯ ಸಮನ್ಸ್ ಬಂದರೆ 30 ದಿನಗಳೊಳಗೆ ಉತ್ತರ ಸಲ್ಲಿಸಬೇಕು. ನ್ಯಾಯಾಲಯ ಒಪ್ಪಿದರೆ 90 ದಿನಗಳ ತನಕ ಅವಕಾಶ. ಸಮನ್ಸನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಿದ್ದರೆ ಏಕಪಕ್ಷೀಯ ತೀರ್ಪು ಬರಬಹುದು.

ಅಪರಾಧದ ಪ್ರಕರಣ

ಬಂಧಿತನನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಆತನ ಹಕ್ಕು. ಆದರೆ ಕೇಳದೆ ಅದು ಸಿಗುವುದಿಲ್ಲ. ಅರ್ಜಿ ಹಾಕುವ ಮೊದಲೇ ಆರೋಪಪಟ್ಟಿ ಬಂದುಬಿಟ್ಟರೆ ಆ ಹಕ್ಕು ಹೋಯಿತು! ಒಂದು ದಿನ ಎಣಿಕೆ ತಪ್ಪಿದರೂ ಬಡವನೊಬ್ಬ ಮತ್ತೆ ತಿಂಗಳುಗಟ್ಟಲೆ ಜೈಲಿನಲ್ಲಿರಬೇಕಾದೀತು. ಅಪರಾಧ ನಡೆದದ್ದು 2024ರ ಜುಲೈ 1ಕ್ಕಿಂತ ಮೊದಲಾದರೆ ಹಳೆಯ ದಂಡ ಸಂಹಿತೆ, ನಂತರವಾದರೆ ಭಾರತೀಯ ನ್ಯಾಯ ಸಂಹಿತೆ. ಹೀಗಾಗಿ ಇಂದಿನ ಕಿರಿಯರು ಎರಡನ್ನೂ ಓದಿರಬೇಕು.

ನಾವು ಮಾಡಬೇಕಾದದ್ದು

ಮೇಲ್ಮನವಿಗಾಗಿ ಈ ಭಾಗದವರು ಈಗ ಬೆಂಗಳೂರಿಗೆ ಹೋಗಬೇಕಾಗಿಲ್ಲ. 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಆಯಿತು. ಶುಲ್ಕ ಕೊಡಲಾಗದವರೂ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಹಾಗೂ ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು ಇದೆ. ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಬಹುದು ಅಥವಾ 15100ಕ್ಕೆ ಕರೆ ಮಾಡಬಹುದು.

ಆದುದರಿಂದ ತುಕ್ಕಾನಟ್ಟಿಯಾಗಲಿ, ನಮ್ಮ ಊರಾಗಲಿ, ಕೋರ್ಟಿನ ಅಥವಾ ಮಾಲೀಕರ ಕಾಗದ ಕೈಗೆ ಬಂದ ದಿನವೇ ಅದರ ಮೇಲೆ ತಾರೀಖು ಬರೆದಿಡಿ. ಅದೇ ವಾರ ವಕೀಲರನ್ನು ಕಾಣಿರಿ. ಎಷ್ಟೇ ಅನುಭವಿ ವಕೀಲರಾದರೂ ಕಳೆದುಹೋದ ಗಡುವನ್ನು ಮರಳಿ ತರುವುದು ಬಹಳ ಕಷ್ಟ.